ಎರಡನೆಯ ಹೊಸ್ತಿಲು

ಹೆಣ್ಣಿನ ಬಾಳಿನಲ್ಲಿ ಎರಡು ಹೊಸ್ತಿಲುಗಳು. ಮೊದಲನೆಯದನ್ನು ದಾಟಿದ ದಿನ ಮನೆಯಲ್ಲಿ ಸಂಭ್ರಮ. ಹುಡುಗಿಯನ್ನು ಮಣೆಯ ಮೇಲೆ ಕೂಡ್ರಿಸಿ, ಹೊಸ ಸೀರೆ ಉಡಿಸಿ, ಓಣಿಯ ಮುತ್ತೈದೆಯರೆಲ್ಲ ಕೂಡಿ ಆರತಿ ಎತ್ತುತ್ತಾರೆ, ಉಡಿ ತುಂಬುತ್ತಾರೆ. ಎರಡನೆಯದನ್ನು ಅವಳು ಒಬ್ಬಳೇ ದಾಟುತ್ತಾಳೆ. ಮುಟ್ಟು ನಿಂತ ಸುದ್ದಿಯನ್ನು ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಇಪ್ಪತ್ತೈದು ವರ್ಷ ಜೊತೆಯಲ್ಲಿ ಬಾಳಿದ ಗಂಡನಿಗೂ ಅದು ತಿಳಿಯುವುದು ಎಷ್ಟೋ ವೇಳೆ ಒಂದು ಹಾಸಿಗೆ ಎರಡಾದ ಮೇಲೆಯೇ.

ಬೈಲಹೊಂಗಲದ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಡ ಪ್ರೌಢಶಾಲೆಯ ಶಿಕ್ಷಕ. ಹೆಂಡತಿಗೆ 47 ವರ್ಷ. ಹಿಂದಿನ ವೈಶಾಖದಲ್ಲಿ ಮನೆಗೆ ಸೊಸೆ ಬಂದಳು. ಅತ್ತೆಗೆ ರಾತ್ರಿ ನೀರು ಕೊಡಲು ಯಾರಾದರೂ ಹತ್ತಿರವಿರಬೇಕೆಂಬ ನೆವ ಹೇಳಿ ಗೃಹಿಣಿ ತನ್ನ ಹಾಸಿಗೆಯನ್ನು ನಡುಮನೆಗೆ ಒಯ್ದಳು. ನೆವ ಸುಳ್ಳಲ್ಲ, ಆದರೆ ಅದೇ ನಿಜವಾದ ಕಾರಣವೂ ಅಲ್ಲ. ಆರೆಂಟು ತಿಂಗಳಿಂದ ಗಂಡನ ಸಮಾಗಮ ಅವಳಿಗೆ ಸುಖವಾಗಿರಲಿಲ್ಲ. ಉರಿ, ಒಣಗಿದ ಗಾಯವನ್ನು ತಿಕ್ಕಿದಂಥ ನೋವು. ಹಲ್ಲು ಕಚ್ಚಿ ಸಹಿಸಿದಳು. ಕೊನೆಗೆ ನೋವಿಗಿಂತ ಮುಂಚೆ ನೋವಿನ ಭಯ ಬರತೊಡಗಿತು. ಅವನು ಭುಜದ ಮೇಲೆ ಕೈಯಿಟ್ಟರೂ ಮೈ ಬಿಗಿಯುತ್ತಿತ್ತು.

ಅತ್ತ ಗಂಡನ ಮನಸ್ಸಿನಲ್ಲಿ ಬೇರೊಂದು ಲೆಕ್ಕ. ತನ್ನ ಮೇಲೆ ಇವಳಿಗೆ ಬೇಸರ ಬಂದಿದೆಯೆಂದು ಅವನು ತಿಳಿದ. ಎರಡು ವರ್ಷದ ಹಿಂದೆ ಅವನಿಗೆ ಸಕ್ಕರೆ ರೋಗ ಕಾಣಿಸಿಕೊಂಡಿತ್ತು. ದೇಹ ಮೊದಲಿನಂತೆ ಮಾತು ಕೇಳುತ್ತಿರಲಿಲ್ಲ. ಹಾಸಿಗೆ ಬೇರೆಯಾದಾಗ ದುಃಖದ ಜೊತೆಗೆ ಸ್ವಲ್ಪ ನಿರಾಳವೂ ಆಯಿತು. ನಿರಾಳವಾದುದಕ್ಕೆ ನಾಚಿಕೆಯೂ ಆಯಿತು. ಹೀಗೆ ಇಬ್ಬರೂ ಒಳ್ಳೆಯವರಾಗಿಯೇ ಉಳಿದು, ಒಬ್ಬರನ್ನೊಬ್ಬರು ತಪ್ಪು ತಿಳಿದು, ಚಹದ ಕಪ್ಪು ಕೊಡುವಾಗ ಬೆರಳು ತಾಕದಂತೆ ಎಚ್ಚರ ವಹಿಸುವ ಸ್ಥಿತಿಗೆ ಬಂದರು.

ಇಂಥ ಮಾತು ಹೆಂಗಸರ ನಡುವೆ ಎಲ್ಲಿಯೂ ಆಡಲಾಗುವುದಿಲ್ಲವೆಂದಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಬಯಲಿನಲ್ಲಿ ಒಲೆ ಹೂಡಿ, ಹೋಳಿಗೆ ಬೇಯಿಸಿ, ಪಡ್ಡಲಿಗೆ ತುಂಬಿಸಿ ಕುಳಿತಾಗ ಮನೆಯೊಳಗೆ ಆಡದ ಮಾತುಗಳು ಅಲ್ಲಿ ಹೊರಬೀಳುತ್ತವೆ. ಅಲ್ಲಿ ಹಿರಿಯಳೊಬ್ಬಳ ತೀರ್ಪು ಮೊದಲೇ ಸಿದ್ಧ: "ಮುಟ್ಟ ನಿಂತ ಮ್ಯಾಲ ಅದೆಲ್ಲಾ ಯಾಕ ಬೇಕವ್ವಾ? ಮೊಮ್ಮಕ್ಕಳನ್ನ ಆಡಿಸ್ಕೋತ ಕುಂದ್ರು." ಎಲ್ಲರೂ ನಗುತ್ತಾರೆ. ನಗು ಅಡಗಿದ ಮೇಲೆ ರಾಮದುರ್ಗದ ಕಡೆಯವಳೊಬ್ಬಳು ಪಾತ್ರೆ ತೊಳೆಯುತ್ತ ಮೆಲ್ಲಗೆ ಹೇಳುತ್ತಾಳೆ: "ನನಗೂ ಹಂಗ ಆಗಿತ್ತಕ್ಕಾ. ಡಾಕ್ಟರ್ ಬಾಯಿಗೆ ತೋರಿಸಿದೆ. ಅದಕ್ಕ ಔಷಧ ಐತಿ."

ಔಷಧವಿದೆ, ಅದಕ್ಕೂ ಮೊದಲು ತಿಳಿವಳಿಕೆಯಿದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಅದನ್ನು ಋತುನಿವೃತ್ತಿಯೆನ್ನುತ್ತಾರೆ. ಭಾರತದಲ್ಲಿ ಇದು ಸಾಮಾನ್ಯವಾಗಿ 46-47ರ ವಯಸ್ಸಿನ ಸುಮಾರಿಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಹೊತ್ತಿಗೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ರಸವನ್ನು ಉತ್ಪಾದಿಸುವುದು ತೀರ ಕಡಿಮೆಯಾಗುತ್ತದೆ. ಯೋನಿಯ ಒಳಪದರನ್ನು ಮೆತ್ತಗೆ, ತೇವವಾಗಿ ಇಟ್ಟಿದ್ದುದು ಈ ರಸವೇ. ಅದು ತಗ್ಗಿದಾಗ ಪದರು ತೆಳುವಾಗಿ ಒಣಗುತ್ತದೆ. ಸಮಾಗಮದಲ್ಲಿ ನೋವು, ಮೂತ್ರದಲ್ಲಿ ಉರಿ, ಮೂತ್ರನಾಳದ ಸೋಂಕು ಪದೇ ಪದೇ ಬರಬಹುದು. ಮೈಯೆಲ್ಲ ಬಿಸಿಯೇರಿ ಬೆವರುವ ತೊಂದರೆ ಹಲವರಲ್ಲಿ ಕಾಲಕ್ರಮದಲ್ಲಿ ಇಳಿಯುತ್ತದೆ. ಈ ಒಣತನ ಹಾಗಲ್ಲ. ಚಿಕಿತ್ಸೆ ಮಾಡದಿದ್ದರೆ ಉಳಿಯುತ್ತದೆ, ಹೆಚ್ಚುತ್ತದೆ. ಆದುದರಿಂದ "ತಾನಾಗಿ ಹೋದೀತು" ಎಂದು ಕಾಯುವುದರಲ್ಲಿ ಪ್ರಯೋಜನವಿಲ್ಲ.

ಉಪಾಯಗಳು ಸರಳ. ಸಮಾಗಮದ ಸಮಯದಲ್ಲಿ ಹಚ್ಚುವ ನೀರಿನಂಶದ ಜಾರಕ ಲೇಪ ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ವಾರಕ್ಕೆ ಎರಡು ಮೂರು ಸಲ ಬಳಸುವ, ತೇವ ಉಳಿಸುವ ಲೇಪಗಳೂ ಇವೆ. ಇವು ಸಾಲದಿದ್ದರೆ ಅಲ್ಪ ಪ್ರಮಾಣದ ಈಸ್ಟ್ರೋಜನ್ ಇರುವ ಮುಲಾಮನ್ನು ಅಥವಾ ಗುಳಿಗೆಯನ್ನು ಯೋನಿಯೊಳಗೆ ಇಡಲು ವೈದ್ಯರು ಬರೆದುಕೊಡುತ್ತಾರೆ. ಅದು ಬಹುಮಟ್ಟಿಗೆ ಇಟ್ಟಲ್ಲಿಯೇ ಕೆಲಸ ಮಾಡುತ್ತದೆ. ಗುಣ ಕಾಣಲು ಕೆಲವು ವಾರ ಬೇಕು. ಸ್ತನದ ಕ್ಯಾನ್ಸರ್ ಆದವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಸಾಬೂನು, ಡೆಟಾಲ್‌ಗಳಿಂದ ಒಳಗೆ ತೊಳೆಯುವ ರೂಢಿ ಉರಿಯನ್ನು ಹೆಚ್ಚಿಸುತ್ತದಷ್ಟೇ. ಎಣ್ಣೆ ಹಚ್ಚುವವರು ನಿರೋಧ್ ಬಳಸುತ್ತಿದ್ದರೆ ಎಣ್ಣೆಯಿಂದ ಅದರ ರಬ್ಬರು ಹರಿಯುವುದೆಂಬುದನ್ನು ಮರೆಯಬಾರದು. ಐವತ್ತು ದಾಟಿದವರಿಗೆ ಮುಟ್ಟು ನಿಂತು ಒಂದು ವರ್ಷ, ಅದಕ್ಕೆ ಮುಂಚೆ ನಿಂತವರಿಗೆ ಎರಡು ವರ್ಷ, ಗರ್ಭ ನಿಲ್ಲುವ ಸಂಭವ ಇದ್ದೇ ಇರುತ್ತದೆ. ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಹನಿಯಾದರೂ, ಅದನ್ನು "ಮುಟ್ಟು ಮರಳಿತು" ಎಂದು ತಿಳಿಯದೆ ಕೂಡಲೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ಉಪಾಯಕ್ಕೆ ಔಷಧ ಅಂಗಡಿ ಬೇಕಿಲ್ಲ: ಅವಸರ ಬಿಡುವುದು. ದೇಹ ಸಿದ್ಧವಾಗಲು ಈಗ ಹೆಚ್ಚು ಹೊತ್ತು ಬೇಕು. ಆ ಹೊತ್ತನ್ನು ಮಾತಿಗೆ, ಸ್ಪರ್ಶಕ್ಕೆ ಕೊಟ್ಟರೆ ನಷ್ಟವೇನೂ ಇಲ್ಲ. ಬೇಡವೆನಿಸಿದ ದಿನ ಬೇಡವೆನ್ನುವ ಹಕ್ಕು ಹೆಂಡತಿಗೆ ಇರಬೇಕು. ಬೇಡವೆಂದರೆ ಪ್ರೀತಿಯೇ ಬೇಡವೆಂದಲ್ಲವೆಂಬ ಅರಿವು ಗಂಡನಿಗೆ ಇರಬೇಕು. ಸಕ್ಕರೆ ರೋಗದಿಂದಲೂ ರಕ್ತದೊತ್ತಡದಿಂದಲೂ ಗಂಡಸಿಗೆ ಬರುವ ಕೊರತೆಗೂ ಚಿಕಿತ್ಸೆಯುಂಟು. ಇಬ್ಬರೂ ಕೂಡಿಯೇ ವೈದ್ಯರ ಬಳಿ ಹೋದರೆ ಅರ್ಧ ಕೆಲಸ ಆದಂತೆ.

ಮುಟ್ಟಿನೊಡನೆ ಹೆಣ್ಣಿನ ಬಾಳೂ ಮುಗಿಯಿತೆನ್ನುವವರು ತಮ್ಮ ನೆಲದ ಚರಿತ್ರೆಯನ್ನೇ ಒಮ್ಮೆ ತಿರುವಿ ನೋಡಬಹುದು. 1778ರಲ್ಲಿ ಕಾಕತಿಯಲ್ಲಿ ಹುಟ್ಟಿದಳೆನ್ನುವ ಕಿತ್ತೂರ ಚನ್ನಮ್ಮನಿಗೆ 1824ರ ಅಕ್ಟೋಬರದಲ್ಲಿ, ಕಂಪನಿಯ ಸೈನ್ಯ ಕೋಟೆಯ ಬಾಗಿಲಿಗೆ ಬಂದಾಗ, ಹೆಚ್ಚುಕಡಿಮೆ 46 ವರ್ಷ. ಥ್ಯಾಕರೆ ಸತ್ತದ್ದು ಆ ಕಾಳಗದಲ್ಲಿಯೇ. ಅವಳ ಸಮಾಧಿ ಇರುವುದು ಇದೇ ಬೈಲಹೊಂಗಲದಲ್ಲಿ. ಆ ವಯಸ್ಸಿಗೆ ಹೆಣ್ಣು ಮುದುಕಿಯಾದಳೆಂದು ಅವಳಿಗೆ ಯಾರೂ ಹೇಳಿದಂತೆ ತೋರುವುದಿಲ್ಲ.

ಶಿಕ್ಷಕರ ಮನೆಯಲ್ಲಿ ಮಾತು ಹೊರಟದ್ದು ಗುಡ್ಡದಿಂದ ಮರಳಿದ ಮೂರನೆಯ ದಿನ, ಹಿತ್ತಲಿನಲ್ಲಿ ಬಟ್ಟೆ ಮಡಿಸುವಾಗ. ಅವಳು ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದಳು. ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀವೂ ಒಂದ ದಿನ ಕೇಳಲಿಲ್ಲಲ್ರೀ."

ಎರಡೂ ಮಾತು ನಿಜವಾಗಿದ್ದವು. ಮರುವಾರ ಇಬ್ಬರೂ ಕೂಡಿ ಬೆಳಗಾವಿಯ ಬಸ್ಸು ಹತ್ತಿದರು. ಹಾಸಿಗೆ ನಡುಮನೆಯಿಂದ ಮರಳಲು ಇನ್ನೂ ಎರಡು ತಿಂಗಳು ಹಿಡಿಯಿತು. ಅತ್ತೆಗೆ ರಾತ್ರಿ ನೀರು ಕೊಡುವ ಕೆಲಸವನ್ನು ಮೊಮ್ಮಗ ವಹಿಸಿಕೊಂಡ. ಆದರೆ ಚಹದ ಕಪ್ಪು ಕೊಡುವಾಗ ಬೆರಳು ತಾಕುವುದು ಆ ವಾರದಿಂದಲೇ ಮೊದಲಾಗಿತ್ತು.