ಕುರ್ಲಾದಲ್ಲಿ ಇಳಿದು ಖಾರ್ಘರ್‌ಗೆ

ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬಂದು ನಿಲ್ಲುತ್ತದೆ. ಹೋಟೆಲ್ ಕೆಲಸಕ್ಕೆಂದು ಬಂದವರು, ಮಗಳ ಮನೆಗೆ ಹಲಸಿನ ಹಪ್ಪಳ ತಂದವರು ಇಳಿಯುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ರಿಪೋರ್ಟು ಹಿಡಿದವರೂ ಇರುತ್ತಾರೆ. ಇವರು ಕುರ್ಲಾ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹಿಡಿದು ಪರೇಲಿನ ಟಾಟಾ ಆಸ್ಪತ್ರೆಗೆ ಹೋಗುವುದು ಹಳೆಯ ದಾರಿ. ಈಗ ಕೆಲವರು ಹಾರ್ಬರ್ ಪ್ಲಾಟ್‌ಫಾರ್ಮಿಗೆ ತಿರುಗಿ ಪನ್ವೇಲ್ ಗಾಡಿ ಹತ್ತುತ್ತಾರೆ. ಮಾನ್‌ಖುರ್ದ್ ಬಿಟ್ಟು, ವಾಶಿ ಖಾಡಿ ದಾಟಿ ಖಾರ್ಘರ್‌ನಲ್ಲಿ ಇಳಿದರೆ ಟಾಟಾದವರದೇ ಆದ ಆಕ್ಟ್ರೆಕ್.

2021ರ ಜೂನ್ 4ರಂದು ಅಲ್ಲಿ ಭಾರತದ ಮೊದಲ ಕಾರ್-ಟಿ ಚಿಕಿತ್ಸೆ ನಡೆಯಿತು. ರಕ್ತದ ಕ್ಯಾನ್ಸರ್ ಇರುವವರ ಟಿ ಜೀವಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತು ಹಿಡಿಯುವ ಜೀನ್ ಸೇರಿಸಿ, ಅವರಿಗೇ ವಾಪಸು ಕೊಡುವುದು. ಜೀವಕೋಶ ಸಿದ್ಧವಾದದ್ದು ಕುರ್ಲಾಕ್ಕೆ ಹತ್ತಿರದ ಪವಾಯಿ ಐಐಟಿಯಲ್ಲಿ. 2023ರ ಅಕ್ಟೋಬರ್‌ನಲ್ಲಿ ಇದಕ್ಕೆ ನೆಕ್ಸ್‌ಕಾರ್19 ಎಂಬ ಹೆಸರಿನಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಇಲ್ಲಿ ಜೀನ್ ಹೊತ್ತೊಯ್ಯುವುದು ಪಳಗಿಸಿದ ವೈರಸ್. ಅದು ಡಿಎನ್‌ಎಯ ಯಾವ ಜಾಗದಲ್ಲಿ ಕೂರುತ್ತದೋ ಮೊದಲೇ ಹೇಳಲಾಗದು. ಊರಿಂದ ಬಂದವನು ಖಾಲಿ ಸಿಕ್ಕ ಖೋಲಿಯಲ್ಲಿ ಉಳಿದ ಹಾಗೆ. ಕತ್ತರಿ ಕಿಣ್ವಗಳು ಹಾಗಲ್ಲ, ಚಾಳು, ಮಾಳಿಗೆ, ಖೋಲಿ ನಂಬರು ಕೇಳಿಕೊಂಡೇ ಹೊರಡುತ್ತವೆ. ಝಿಂಕ್ ಫಿಂಗರ್, ಟ್ಯಾಲೆನ್ ಕಿಣ್ವಗಳನ್ನು ಪ್ರತಿ ವಿಳಾಸಕ್ಕೂ ಹೊಸದಾಗಿ ಕಟ್ಟಬೇಕು. ಕ್ರಿಸ್ಪರ್‌ನಲ್ಲಿ ಕಿಣ್ವ ಅದೇ, ಆರ್‌ಎನ್‌ಎ ಚೀಟಿ ಮಾತ್ರ ಬೇರೆ. ಅದೇ ಥರದ ಇನ್ನೊಂದು ಬಾಗಿಲು ತಟ್ಟುವ ಅಪಾಯವಂತೂ ಇದ್ದೇ ಇದೆ.

ರಿಪೋರ್ಟು ಹಿಡಿದು ಬಂದವರಿಗೆ ಇದರಿಂದೇನು? ಸ್ವಂತ ಜೀವಕೋಶ ತಯಾರಾಗಲು ವಾರಗಳೇ ಬೇಕು, ಲ್ಯುಕೇಮಿಯಾ ಅಷ್ಟು ಕಾಯುವುದಿಲ್ಲ. ಕೀಮೋ ಮೇಲೆ ಕೀಮೋ ಆದವರಲ್ಲಿ ಒಳ್ಳೆಯ ಟಿ ಜೀವಕೋಶಗಳೇ ಸಾಕಷ್ಟು ಉಳಿದಿರುವುದಿಲ್ಲ. 2015ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಲೈಲಾ ಎಂಬ ಒಂದು ವರ್ಷದ ಮಗುವಿನದು ಇದೇ ಪಾಡು. ಬೇರೆಯವರ ಟಿ ಜೀವಕೋಶ ಹಾಕಿದರೆ ಅದು ಮಗುವಿನ ಮೈಯನ್ನೇ ಪರಕೀಯವೆಂದು ತಿಳಿದು ಮೇಲೆ ಬೀಳುತ್ತದೆ. ಹಾಗೆ ಬೀಳುವಂತೆ ಮಾಡುವ ಜೀನನ್ನು ಟ್ಯಾಲೆನ್‌ನಿಂದ ಕತ್ತರಿಸಿ, ದಾನಿಯ ಜೀವಕೋಶಗಳನ್ನೇ ಕೊಟ್ಟರು. ಕ್ಯಾನ್ಸರ್ ಹಿಂದೆ ಸರಿಯಿತು.

ವಿದೇಶದಲ್ಲಿ 3-4 ಕೋಟಿ ರೂಪಾಯಿ ಆಗುವ ಕಾರ್-ಟಿ ಇಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಬಂದಿದೆ ಎಂಬುದು ದೊಡ್ಡ ಮಾತೇ. ಆದರೂ ಊರಿನ ಗದ್ದೆ ಮಾರದೆ ಅಷ್ಟು ಹಣ ಎಷ್ಟು ಜನರ ಹತ್ತಿರ ಇದೆ? ಒಬ್ಬ ದಾನಿಯ ಜೀವಕೋಶದಿಂದ ಹಲವರಿಗೆ ಮೊದಲೇ ಮಾಡಿಟ್ಟುಕೊಳ್ಳಬಹುದಾದ ದಿನ ಬಂದರೆ ಬೆಲೆ, ಕಾಯುವ ಸಮಯ ಎರಡೂ ಇಳಿದಾವು. ಸದ್ಯಕ್ಕೆ ನೆಕ್ಸ್‌ಕಾರ್19 ಅವರವರ ರಕ್ತದಿಂದಲೇ ಆಗಬೇಕು. ಮತ್ಸ್ಯಗಂಧ ಹತ್ತುವ ಮೊದಲು ಖಾರ್ಘರ್ ಆಸುಪಾಸಿನಲ್ಲಿ ವಾರಗಟ್ಟಲೆ ಉಳಿಯಲು ಜಾಗ ನೋಡಿಕೊಂಡಿರಿ.