ಮುಂದೆ ಹೋಗುವವಳು ಬೇರೆ, ಹಾಯುವವಳು ಬೇರೆ

ನಮ್ಮ ಕೊಟ್ಟಿಗೆಯಲ್ಲಿ ಈಗ ಏಳು ಹೆಣ್ಣು ದನ ಇದ್ದಾವೆ. ಎಲ್ಲವೂ ಮಲೆನಾಡು ಗಿಡ್ಡ. ಹೋದ ವರ್ಷದವರೆಗೆ ಒಂಬತ್ತಿದ್ದವು. ಎರಡು ಯಾಕೆ ಕಡಿಮೆಯಾದವು ಅಂತ ಕೊನೆಗೆ ಹೇಳ್ತೇನೆ.

ಗಿಡ್ಡ ಅಂದ್ರೆ ಸೊಂಟದೆತ್ತರದ ದನ. ದಿನಕ್ಕೆ ಒಂದರಿಂದ ಮೂರು ಲೀಟರ್ ಹಾಲು ಕೊಟ್ಟರೆ ಅದೇ ಹೆಚ್ಚು. ನಾವು ಸಾಕೋದು ಹಾಲಿಗಿಂತ ಜಾಸ್ತಿ ತೋಟದ ಗೊಬ್ಬರಕ್ಕೆ. ಬೆಳಿಗ್ಗೆ ಬಿಟ್ಟರೆ ಬೇಣ, ಕಾಡು ಸುತ್ತಿ ಮೇದು ಸಂಜೆ ತಾವೇ ಬರ್ತಾವೆ. ಹೀಗೆ ಬಿಟ್ಟು ಸಾಕಿದ್ರೆ ಮಾತ್ರ ಅವುಗಳ ಗುಣ ಗೊತ್ತಾಗೋದು. ಮೂರು ಹೊತ್ತೂ ಹಗ್ಗದಲ್ಲಿದ್ದ ದನ ತನ್ನ ಬುದ್ಧಿ ತೋರಿಸೋದಾದ್ರೂ ಎಲ್ಲಿ?

ಕೆಂಪಿ ನಮ್ಮ ಕೊಟ್ಟಿಗೆಯ ಜೋರಿನವಳು. ಅಕ್ಕಚ್ಚಿನ ಬಾನಿ ಇಟ್ಟರೆ ಮೊದಲು ಅವಳ ಮೂತಿಯೇ ಆಗ್ಬೇಕು. ಕೊಂಬು ಬೀಸೋದೂ ಬೇಡ, ಕತ್ತು ಸ್ವಲ್ಪ ತಗ್ಗಿಸಿದ್ರೆ ಸಾಕು, ಉಳಿದವು ಹಿಂದೆ ಸರೀತಾವೆ. ನೋಡಿದವರು ಇವಳೇ ಯಜಮಾನ್ತಿ ಅಂದ್ಕೊಳ್ತಾರೆ. ಆದ್ರೆ ಗೇಟು ತೆಗೆದ ಮೇಲೆ ಕೆಂಪಿ ನಿಂತು ಹಿಂದೆ ತಿರುಗಿ ನೋಡ್ತಾಳೆ. ಯಾರನ್ನ? ಕೌಲಿಯನ್ನ.

ಕೌಲಿಗೆ ಹದಿನಾಲ್ಕು ವರ್ಷ. ಬಾನಿಯ ಹತ್ರ ಅವಳದ್ದು ಯಾವಾಗ್ಲೂ ಕೊನೇ ಸರದಿ. ಯಾರನ್ನೂ ಹಾಯೋಳಲ್ಲ. ಆದ್ರೆ ಅವಳು ನಡೆದ ದಾರೀಲಿ ಎಲ್ಲವೂ ನಡೀತಾವೆ, ಕೆಂಪಿಯೂ. ಬೇಸಿಗೆಯಲ್ಲಿ ಯಾವ ಸರಲಿನಲ್ಲಿ ನೀರು ಉಳಿದಿದೆ, ಮಳೆಗಾಲದಲ್ಲಿ ಹಳ್ಳ ಎಲ್ಲಿ ದಾಟ್ಬಹುದು ಅನ್ನೋದು ಅವಳಿಗೆ ಗೊತ್ತು. ಮೂರು ವರ್ಷದ ಹಿಂದೆ ಅವಳ ಗೊರಸಿಗೆ ಮುಳ್ಳು ನಾಟಿ ಹತ್ತು ದಿನ ಕೊಟ್ಟಿಗೆಯಲ್ಲೇ ಕಟ್ಟಿದ್ದೆ. ಆ ಹತ್ತು ದಿನವೂ ಉಳಿದವು ಒಟ್ಟಿಗೆ ಮನೆಗೆ ಬರಲಿಲ್ಲ. ಎರಡು ಮೊದಲೇ ಬಂದ್ವು, ನಾಲ್ಕು ಕತ್ತಲಾದ ಮೇಲೆ ಬಂದ್ವು, ಇನ್ನೆರಡು ಪಕ್ಕದವರ ಗದ್ದೆಗೆ ನುಗ್ಗಿ ನಾವು ಮಾತು ಕೇಳೋ ಹಾಗಾಯ್ತು. ಜೋರು ಮಾಡೋದು ಬೇರೆ, ದಾರಿ ತೋರಿಸೋದು ಬೇರೆ. ಮನುಷ್ಯರಲ್ಲೂ ಹಾಗೇ ಅಲ್ವಾ?

ಕಾಳಿ ಒಂಟಿ ಸ್ವಭಾವದವಳು. ದಿನ ತುಂಬಿದ್ದಾಗ ನಮ್ಮ ಕಣ್ಣು ತಪ್ಪಿಸಿ ಕಾಡಲ್ಲೇ ಕರು ಹಾಕ್ತಾಳೆ. ಕರುವನ್ನ ಪೊದೆಯೊಳಗೆ ಮಲಗಿಸಿ, ಸಂಜೆ ಏನೂ ಆಗದವಳ ಹಾಗೆ ಕೊಟ್ಟಿಗೆಗೆ ಬಂದು ನಿಲ್ತಾಳೆ. ಹೊಟ್ಟೆ ಇಳಿದಿದ್ದು, ಕೆಚ್ಚಲು ಬಿಗಿದಿದ್ದು ನೋಡಿಯೇ ನಮಗೆ ಗೊತ್ತಾಗ್ಬೇಕು. ಬೆಳಿಗ್ಗೆ ಹಿಂದೆ ಹೋದ್ರೆ ಬೇಕಂತಲೇ ಬೇರೆ ದಿಕ್ಕಿಗೆ ಹೋಗಿ ಮೇಯೋ ಹಾಗೆ ಮಾಡ್ತಾಳೆ. ಹೋದ ಸಲ ನಾನು ಅಗಳದ ಏರಿ ಮೇಲೆ ಮೂರು ಗಂಟೆ ಕೂತಿದ್ದೆ. ಅವಳೂ ಅಷ್ಟು ಹೊತ್ತು ನನ್ನನ್ನೇ ನೋಡ್ತಾ ಮೇಯ್ದಳು. ನಾನು ಎದ್ದು ಮನೆ ಕಡೆ ಹೊರಟು, ಮರದ ಮರೆಯಲ್ಲಿ ನಿಂತ ಮೇಲೆಯೇ ಕರುವಿನ ಹತ್ರ ಹೋಗಿದ್ದು.

ಗೌರಿ ಮತ್ತು ಅವಳ ಮಗಳದ್ದು ಇನ್ನೊಂದು ಕಥೆ. ಮಗಳಿಗೆ ಈಗ ಆರು ವರ್ಷ, ಎರಡು ಕರು ಹಾಕಿದ್ದಾಳೆ. ಗೌರಿಗೂ ಆಮೇಲೆ ಮೂರು ಕರು ಆಗಿದೆ. ಆದ್ರೂ ಮಲಗೋದು ಬೆನ್ನಿಗೆ ಬೆನ್ನು ತಾಗಿಸಿಯೇ. ಹಾಲು ಬಿಡಿಸಿದ ಕೂಡ್ಲೇ ತಾಯಿ ಮಗಳ ಸಂಬಂಧ ಮುಗೀತು ಅನ್ನೋರು ಇವರನ್ನ ಬಂದು ನೋಡ್ಬೇಕು.

ಇನ್ನು ಪುಟ್ಟಿ ಮತ್ತು ಚುಕ್ಕಿ. ಅಕ್ಕತಂಗಿಯರಲ್ಲ. ಒಂದೇ ತಿಂಗಳಲ್ಲಿ ಹುಟ್ಟಿ ಒಂದೇ ಮೂಲೆಯಲ್ಲಿ ಬೆಳೆದವು. ಒಂದರ ಕುತ್ತಿಗೆಯನ್ನ ಇನ್ನೊಂದು ನೆಕ್ಕೋದು, ತನ್ನ ನಾಲಿಗೆ ತನ್ನ ಕುತ್ತಿಗೆಗೆ ಎಟುಕೋದಿಲ್ಲವಲ್ಲ. ಬೇರೆ ದನ ಬಂದು ಕತ್ತು ಚಾಚಿದ್ರೆ ನೆಕ್ಕೋದಿಲ್ಲ, ಸರಿದು ನಿಲ್ತಾವೆ.

ಹೋದ ವರ್ಷ ಎಲೆಚುಕ್ಕಿ ರೋಗದಿಂದ ಅಡಿಕೆ ಅರ್ಧಕ್ಕರ್ಧ ಇಳೀತು. ಮಗಳ ಕಾಲೇಜು ಫೀಸು ಕಟ್ಬೇಕಿತ್ತು. ದನ ಕಡಿಮೆ ಮಾಡ್ದೆ ಬೇರೆ ದಾರಿ ಇರಲಿಲ್ಲ. ತಮ್ಮ ಅಂದ, "ಅಣ್ಣಾ, ಕೌಲಿ ಹಾಲು ಬತ್ತಿ ಎರಡು ವರ್ಷ ಆಯ್ತು. ಮೊದಲು ಅದನ್ನ ದಾಟಿಸು." ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಆದ್ರೆ ಆ ಹತ್ತು ದಿನ ನೋಡಿದವನು ನಾನು. ಹಾಲಿಲ್ಲದ ಕೌಲಿ ಹೋದ್ರೆ ಉಳಿದ ಎಂಟಕ್ಕೂ ಒಬ್ಬ ಆಳು ಇಡ್ಬೇಕು. ಬೇಡ ಅಂದೆ.

ಸೊರಬದ ಕಡೆಯಿಂದ ಒಬ್ರು ಸಾಕೋದಕ್ಕೆ ಅಂತ ಬಂದ್ರು. ಪುಟ್ಟಿ ಮೇಲೆ ಕಣ್ಣು ಬಿತ್ತು, ಒಳ್ಳೆ ರೇಟೂ ಹೇಳಿದ್ರು. ಚುಕ್ಕಿಯ ಒಂದು ಮೊಲೆ ಕೆಟ್ಟಿತ್ತು, ಅದು ಬೇಡ ಅಂದ್ರು. ನಮ್ಮನೆಯವಳು ಕಾಫಿ ಲೋಟ ಇಡ್ತಾ ಹೇಳಿದ್ಲು, "ಕೊಡೋದಾದ್ರೆ ಎರಡನ್ನೂ ಕೊಡಿ. ಇಲ್ಲಾಂದ್ರೆ ಎರಡೂ ಇರ್ಲಿ." ಒಂದು ಗಂಟೆ ಮಾತಾಯ್ತು. ಕೊನೆಗೆ ಚುಕ್ಕಿಯ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಸಿ ಎರಡನ್ನೂ ಒಂದೇ ಗಾಡಿಗೆ ಹತ್ತಿಸಿದೆ. ಫೀಸಿಗೆ ಸ್ವಲ್ಪ ಕಮ್ಮಿ ಬಿತ್ತು, ಸೊಸೈಟಿಯಲ್ಲಿ ಸಾಲ ತಗೊಂಡೆ.

ತಿಂಗಳ ಮೇಲೆ ಅವರೇ ಫೋನ್ ಮಾಡಿದ್ರು. ಮೊದಲ ದಿನವೇ ಎರಡೂ ಹುಲ್ಲಿಗೆ ಬಾಯಿ ಹಾಕಿದ್ವಂತೆ. ಹಿಂದೆ ಅವರು ಬೇರೆ ಕಡೆಯಿಂದ ಒಂಟಿ ದನ ತಂದಾಗ ವಾರ ಕೂಗಿ, ಮೇವು ಬಿಟ್ಟು ಸೊರಗಿತ್ತಂತೆ. "ನೀವು ಹಟ ಮಾಡಿದ್ದು ಒಳ್ಳೇದಾಯ್ತು" ಅಂದ್ರು.

ನಮ್ಮ ಕೊಟ್ಟಿಗೆಯಲ್ಲಿ ಅವೆರಡರ ಜಾಗಕ್ಕೆ ಮೂರು ದಿನ ಯಾವುದೂ ಹೋಗಲಿಲ್ಲ. ನಾಲ್ಕನೇ ದಿನ ಕೆಂಪಿ ಹೋಗಿ ನಿಂತಳು. ಅವಳು ಬಿಡೋಳಲ್ಲ ಬಿಡಿ.

ದನ ಮಾರೋದೇ ತಪ್ಪು ಅಂತ ನಾನು ಹೇಳೋದಿಲ್ಲ. ನಮ್ಮಂಥವರಿಗೆ ಕಷ್ಟಕ್ಕೆ ಆಗೋ ಬ್ಯಾಂಕು ಅದು. ಆದ್ರೆ ಹಗ್ಗ ಬಿಚ್ಚೋ ಮುಂಚೆ ಒಂದು ವಾರ ಸಂಜೆ ಹೊತ್ತು ಸುಮ್ನೆ ಕೂತು ನೋಡಿ. ಯಾರು ಯಾರ ಪಕ್ಕ ಮಲಗ್ತಾರೆ, ಯಾರು ಯಾರನ್ನ ನೆಕ್ತಾರೆ, ಗೇಟಿನಲ್ಲಿ ಎಲ್ಲರೂ ಯಾರಿಗೆ ಕಾಯ್ತಾರೆ ಅಂತ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಇದು ಬರೋದಿಲ್ಲ.

ನಿಮ್ಮ ಕೊಟ್ಟಿಗೆಯ ಕೌಲಿ ಯಾರು? ಬಿಡುವಿದ್ದಾಗ ಬರೀರಿ.