ಹೆಸರು ಕೂಗಿದ ಕ್ಯಾಸೆಟ್

ಹ್ಯೂಸ್ಟನ್ನಿನಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಊರಿನ ದಕ್ಷಿಣ ಭಾಗದವನು. 2000ದ ನವೆಂಬರಿನ ಒಂದು ಸಂಜೆ ನಾನು ಹೊರಗೆ ಬಂದರೆ, ಕಾರು ಸ್ಟಾರ್ಟ್ ಮಾಡದೆ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ. "ಸ್ಕ್ರೂ ಹೋಗಿಬಿಟ್ಟ" ಅಂದ. ನಾನೂ ಹತ್ತಿ ಪಕ್ಕದಲ್ಲಿ ಕೂತೆ.

ಡಿಜೆ ಸ್ಕ್ರೂ, ಅಂದರೆ ರಾಬರ್ಟ್ ಅರ್ಲ್ ಡೇವಿಸ್. ಟೆಕ್ಸಸ್‌ನ ಸ್ಮಿತ್‌ವಿಲ್ ಎಂಬ ಸಣ್ಣ ಊರಲ್ಲಿ ಬೆಳೆದವನು. ನವೆಂಬರ್ 16ರಂದು ತನ್ನ ಸ್ಟುಡಿಯೋದಲ್ಲೇ ತೀರಿಕೊಂಡಿದ್ದ. ಬರೀ 29 ವರ್ಷ. ಮೈಯಲ್ಲಿ ಕೊಡೀನ್ ಮಿತಿಮೀರಿತ್ತೆಂದು ಆಮೇಲೆ ತಿಳಿಯಿತು. ಇವತ್ತಿಗೂ ನನಗೆ ಅದು ಸಂಕಟದ ಮಾತು.

ಅವನ ಕೈಚಳಕ ಹೇಳುತ್ತೇನೆ ಕೇಳಿ. ಎರಡು ಟರ್ನ್‌ಟೇಬಲ್ ಮೇಲೆ ಒಂದೇ ಹಾಡಿನ ಎರಡು ರೆಕಾರ್ಡ್. ಒಂದಕ್ಕಿಂತ ಇನ್ನೊಂದು ಒಂದು ಪೆಟ್ಟು ಹಿಂದೆ. ಅದರಿಂದ ಇದಕ್ಕೆ ಹಾರಿದಾಗೆಲ್ಲ ಆಡಿದ ಮಾತೇ ಮತ್ತೆ ಮರಳಿ ಬರುತ್ತಿತ್ತು. ಆಮೇಲೆ ಎಲ್ಲವನ್ನೂ ನಿಧಾನಕ್ಕಿಳಿಸಿ ಬೂದು ಬಣ್ಣದ ಕ್ಯಾಸೆಟ್ಟಿಗೆ ತುಂಬುತ್ತಿದ್ದ. ದನಿ ದಪ್ಪವಾಗಿ, ಜೇನಿನ ಹಾಗೆ ಇಳಿಯುತ್ತಿತ್ತು. ಅವಸರದಲ್ಲಿ ಕಳೆದುಹೋಗುತ್ತಿದ್ದ ಮಾತುಗಳು ಒಂದೊಂದಾಗಿ ಎದೆಗೆ ಬೀಳುತ್ತಿದ್ದವು.

ಒಂದು ಕ್ಯಾಸೆಟ್ಟಿಗೆ ಹತ್ತು ಡಾಲರ್. ಅವನ ಮನೆ ಮುಂದೆ ರಾತ್ರಿ ಕಾರುಗಳ ಸಾಲು ಕಂಡು, ಮಾದಕ ವಸ್ತುವಿನ ದಂಧೆಯಿರಬೇಕೆಂದು ಪೊಲೀಸರು ಅನುಮಾನಪಟ್ಟಿದ್ದರಂತೆ. ಮಾರಾಟವಾಗುತ್ತಿದ್ದುದು ಹಾಡು! 1998ರಲ್ಲಿ ಹ್ಯೂಸ್ಟನ್ನಿನ ಕಲೆನ್ ಬೊಲೆವಾರ್ಡಿನಲ್ಲಿ ಅಂಗಡಿಯನ್ನೇ ತೆರೆದ. ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಓಣಿಯ ಹುಡುಗರು ಅವನ ಮೈಕಿನ ಮುಂದೆ ಸರದಿಯಂತೆ ನಿಂತರು. ಫ್ಯಾಟ್ ಪ್ಯಾಟ್, ಲಿಲ್ ಕೀಕಿ, ಬಿಗ್ ಮೋ. 1996ರ 'ಜೂನ್ 27' ಗೆಳೆಯನೊಬ್ಬನ ಹುಟ್ಟುಹಬ್ಬಕ್ಕೆ ಮಾಡಿದ ಟೇಪು. ಅರ್ಧ ಗಂಟೆಗೂ ಮೀರಿ ಒಬ್ಬರಾದ ಮೇಲೊಬ್ಬರು ಆ ಕ್ಷಣಕ್ಕೆ ಹೊಳೆದದ್ದನ್ನೇ ಹಾಡುತ್ತಾರೆ. ಆ ಊರು ಕೊಟ್ಟ ಸಂಗೀತದಲ್ಲಿ ನನಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಮುಂದೆ 'ಮೂನ್‌ಲೈಟ್' ಸಿನಿಮಾಕ್ಕೆ ನಿಕೋಲಸ್ ಬ್ರಿಟೆಲ್ ಪಿಟೀಲುಗಳನ್ನೇ ಹೀಗೆ ನಿಧಾನಕ್ಕಿಳಿಸಿದಾಗ, ಥಿಯೇಟರಿನ ಕತ್ತಲಲ್ಲಿ ನನಗೆ ಆ ಕಾರೇ ಕಣ್ಣಿಗೆ ಕಟ್ಟಿತು.

ಆ ಸಂಜೆ ಹುಡುಗ ಡ್ಯಾಶ್‌ಬೋರ್ಡಿನಿಂದ ಒಂದು ಕ್ಯಾಸೆಟ್ ತೆಗೆದ. ಯಾವ್ಯಾವ ಹಾಡು ಬೇಕೆಂದು ಚೀಟಿ ಬರೆದುಕೊಟ್ಟು ತನಗೆಂದೇ ಮಾಡಿಸಿಕೊಂಡದ್ದು. ಹಾಡುಗಳ ನಡುವೆ ಸ್ಕ್ರೂನ ಸ್ವಂತ ದನಿ, ಅದೂ ನಿಧಾನವಾಗಿ, ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿತ್ತು. ಹುಡುಗನ ಹೆಸರೂ ಬಂತು. ಅವನು ಟೇಪನ್ನು ಹಿಂದಕ್ಕೆ ಸುತ್ತಿದ. ಮತ್ತೆ ಕೇಳಿದ. ಮತ್ತೆ ಸುತ್ತಿದ.